ಎಂ.ಟೆಕ್ ಕನ್ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್: ದುಡ್ಡು ವಸೂಲ್ ಆಗುದು ಯಾವ ಪೇಪರಲ್ಲಿ

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬ್ಳೆ, ಉಪ್ಪಳ ಕಡೆಯ ಹುಡುಗರು ಸಿವಿಲ್ ಮುಗಿಸಿದ ಮೇಲೆ ಮೆಸೇಜ್ ಮಾಡಿ ಕೇಳುದು ಒಂದೇ, "ಅಣ್ಣಾ ಎಂ.ಟೆಕ್ಕಿಗೆ ಸ್ಟ್ರಕ್ಚರ್ ತಕೊಳ್ಳುದಾ ಸಿಎಂ (ಕನ್ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್) ತಕೊಳ್ಳುದಾ" ಅಂತ. ಒಬ್ಬೊಬ್ಬರಿಗೇ ಬರೆದು ಸಾಕಾಯ್ತು ಮಾರಾಯ್ರೆ, ಹಾಗಾಗಿ ಒಟ್ಟಿಗೇ ರಿವ್ಯೂ. ನಾನು ಓದಿದ್ದು ಸಿಎಂನಲ್ಲೇ ಎರಡು ವರ್ಷದ ಎಂ.ಟೆಕ್, ಘಟ್ಟದ ಕೆಳಗಿನ ಒಂದು ಪ್ರೈವೇಟ್ ಕಾಲೇಜಲ್ಲಿ, ಹೆಸರು ಹಾಕುದಿಲ್ಲ, ಯಾಕಂದ್ರೆ ಲ್ಯಾಬಿಗೆ ಕೆಳಗೆ ಸರಿ ಬೈದಿದ್ದೇನೆ. ಸೇರುವ ಮುಂಚೆ ಸೈಟಲ್ಲಿ ಇದ್ದವ ನಾನು, ಕೋರ್ಸನ್ನು ನೋಡಿದ್ದೂ ಸೈಟಿನವನ ಕಣ್ಣಲ್ಲೇ.

ಐದಕ್ಕೆ ಮೂರೂವರೆ ಕೊಡ್ತೇನೆ. ಅದರಲ್ಲಿ ಎರಡು ಬರೀ ಕಾಂಟ್ರಾಕ್ಟ್ಸ್ ಪೇಪರಿಗೆ.

ಬಿ.ಟೆಕ್ಕಲ್ಲಿ ಕಾಂಟ್ರಾಕ್ಟ್ ಅಂದ್ರೆ ಇಎಂಡಿ (ಟೆಂಡರ್ ಹಾಕುವಾಗ ಇಡುವ ಠೇವಣಿ) ಎಂದರೇನು, ಟೆಂಡರ್ ವಿಧಗಳು ಯಾವುವು, ಎರಡು ಮಾರ್ಕಿನ ಪ್ರಶ್ನೆ, ಮುಗೀತು. ಇಲ್ಲಿ ಫಿಡಿಕ್ ಅನ್ನುವ ಅಂತಾರಾಷ್ಟ್ರೀಯ ಇಂಜಿನಿಯರ್ ಒಕ್ಕೂಟದ 1999ರ ಕಾಂಟ್ರಾಕ್ಟ್ ಕಂಡೀಶನ್ಸ್, ಎಲ್ಲರೂ ರೆಡ್ ಬುಕ್ ಅಂತಾರಲ್ಲ ಅದು, ಎದುರಿಗೆ ಇಟ್ಟು ಒಂದೊಂದೇ ಕ್ಲಾಝ್ ಓದಿಸ್ತಾರೆ. 20.1ರಲ್ಲಿ ಉಂಟು, ಕಂಟ್ರಾಕ್ಟರಿಗೆ ಹೆಚ್ಚು ಟೈಮೋ ದುಡ್ಡೋ ಬೇಕಿದ್ರೆ ಸಂಗತಿ ಗೊತ್ತಾದ 28 ದಿನದೊಳಗೆ ನೋಟೀಸ್ ಕೊಡ್ಬೇಕು, ಕೊಡ್ಲಿಲ್ಲವಾ, ಹಕ್ಕೇ ಹೋಯ್ತು. ಸೈಟಲ್ಲಿ ನಾವು ಎಂತ ಮಾಡ್ತೇವೆ? ಡ್ರಾಯಿಂಗ್ ಬರ್ಲಿಲ್ಲ, ಜಾಗ ಕೈಗೆ ಸಿಗ್ಲಿಲ್ಲ ಅಂತ ಫೋನಲ್ಲಿ ಗಲಾಟೆ ಮಾಡಿ ಸುಮ್ಮನಾಗ್ತೇವೆ, ಅಡಚಣೆ ಬರೆದಿಡುವ ಹಿಂಡ್ರೆನ್ಸ್ ರಿಜಿಸ್ಟರಲ್ಲಿ ಒಂದು ಗೆರೆ ಬರೆಯುದಿಲ್ಲ, ವರ್ಷ ಕಳೆದು ಲೆಕ್ಕಕ್ಕೆ ಕೂತಾಗ ಕೈಯಲ್ಲಿ ಒಂದು ಕಾಗದ ಇಲ್ಲ.

ನಮ್ಮ ಊರಿಗೆ ಸರಿಯಾಗಿ ತಾಗುವ ಕ್ಲಾಝ್ ಅಂದ್ರೆ ಮಳೆಯದ್ದು. ಅದೇ ಫಿಡಿಕ್‌ನ 8.4ರಲ್ಲಿ ಹವಾಮಾನದ ಕಾರಣಕ್ಕೆ ಟೈಮ್ ಕೇಳಬಹುದು, ಆದ್ರೆ ಅದು ತೀರಾ ಅಸಾಮಾನ್ಯ ಹವಾಮಾನ ಆಗಿರ್ಬೇಕು. ಕಾಸರಗೋಡಲ್ಲಿ ಜೂನ್ ಜುಲೈಯಲ್ಲಿ ಜೋರು ಮಳೆ ಬಂತು ಅಂತ ಅರ್ಜಿ ಹಾಕಿದ್ರೆ ಯಾರು ಒಪ್ತಾರೆ ಹೇಳಿ, ಮಳೆ ಬರ್ತದೆ ಅಂತ ಶಾಲೆ ಮಕ್ಕಳಿಗೂ ಗೊತ್ತುಂಟು, ಟೆಂಡರ್ ಹಾಕುವಾಗ್ಲೇ ಅದನ್ನು ಲೆಕ್ಕ ಹಿಡೀಬೇಕು. ಹಾಗಾದ್ರೆ ಕೇಳುದು ಹೇಗೆ? ಹವಾಮಾನ ಇಲಾಖೆಯ ಹಳೆ ವರ್ಷಗಳ ಮಳೆ ಲೆಕ್ಕ ತೆಗ್ದು ಈ ಸಲದ್ದು ಅದಕ್ಕಿಂತ ಎಷ್ಟು ಮೇಲೆ ಹೋಗಿದೆ ಅಂತ ತೋರಿಸ್ಬೇಕು, ಮತ್ತೆ ಆ ದಿನಗಳಲ್ಲಿ ನಿಂತ ಕೆಲಸ ಕ್ರಿಟಿಕಲ್ ಪಾತಲ್ಲೇ ಇತ್ತು, ಅಂದ್ರೆ ಅದು ತಡ ಆದ್ರೆ ಇಡೀ ಪ್ರಾಜೆಕ್ಟೇ ತಡ ಆಗ್ತದೆ ಅಂತಾನೂ ತೋರಿಸ್ಬೇಕು. ಚಂದ್ರಗಿರಿ ಹೊಳೆಯಲ್ಲಿ ಪೈಲಿಂಗ್ ನಿಂತದ್ದೂ ಆಫೀಸ್ ಕಟ್ಟಡದ ಪೇಂಟ್ ನಿಂತದ್ದೂ ಒಂದೇ ಅಲ್ಲ. ಇದನ್ನು ನಮಗೆ ಹೇಳಿಕೊಟ್ಟವರು ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಪು) ಕೇಸುಗಳಲ್ಲಿ ಕೂತು ಬಂದ ಗೆಸ್ಟ್ ಫ್ಯಾಕಲ್ಟಿ, ಅವರ ಕ್ಲಾಸಿಗೆ ಬಂಕ್ ಹೊಡೆದವರು ಯಾರೂ ಇಲ್ಲ. ಕಾಂಟ್ರಾಕ್ಟ್ ಕಾಯ್ದೆ 1872ರ 74ನೇ ಸೆಕ್ಷನ್ನೂ ಅವರೇ ಮಾಡಿದ್ದು. ಒಪ್ಪಂದದಲ್ಲಿ ಬರೆದ ಎಲ್‌ಡಿ (ಒಪ್ಪಂದ ಮುರಿದ್ರೆ ಕೊಡ್ಬೇಕಂತ ಮೊದಲೇ ಬರೆದ ಪರಿಹಾರ) ಮೊತ್ತ ಮೇಲಿನ ಮಿತಿ ಮಾತ್ರ, ಸಿಗುದು ನ್ಯಾಯವಾದ ಪರಿಹಾರ ಅಂತ ಅಲ್ಲೇ ಗೊತ್ತಾದದ್ದು.

ಪ್ಲಾನಿಂಗ್ ಪೇಪರ್ ಪರವಾಗಿಲ್ಲ. ಕೆಲಸಗಳ ಟೈಮ್ ಲೆಕ್ಕ ಹಾಕುವ ಎರಡು ವಿಧಾನ ಸಿಪಿಎಂ, ಪರ್ಟ್; ಸಿಪಿಎಂ 1957ರಲ್ಲಿ ಡುಪಾಂಟ್ ಕಂಪನಿ ರೆಮಿಂಗ್ಟನ್ ರ‍್ಯಾಂಡ್ ಜೊತೆ ಸೇರಿ ಮಾಡಿದ್ದು, ಪರ್ಟ್ ಅಮೆರಿಕದ ನೌಕಾಪಡೆ ಪೊಲಾರಿಸ್ ಮಿಸೈಲಿಗೆ 1958ರಲ್ಲಿ ತಂದದ್ದು, ಈ ಕಥೆ ಎಲ್ಲ ಕಾಲೇಜಲ್ಲೂ ಹೇಳ್ತಾರೆ. ಉಪಯೋಗಕ್ಕೆ ಬರುದು ಪರ್ಟಿನ ಲೆಕ್ಕ. ಒಂದು ಮನೆಯ ಕೆಂಪುಕಲ್ಲಿನ ಗೋಡೆ, ಎಲ್ಲ ಸರಿ ಹೋದ್ರೆ 10 ದಿನ, ಸಾಮಾನ್ಯಕ್ಕೆ 14, ಕಲ್ಲು ಬರದೆ ಬಂಗಾಳಿ ಹುಡುಗರು ಊರಿಗೆ ಹೋಗಿ ಮಳೆಯೂ ಹಿಡಿದ್ರೆ 30 ಅಂತ ಇಟ್ಕೊಳ್ಳಿ. ನಡುವಿನದ್ದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು ಒಟ್ಟು ಆರರಿಂದ ಭಾಗಿಸಿದ್ರೆ 16 ಬರ್ತದೆ. ನಮ್ಮ ಮೇಸ್ತ್ರಿಗಳು ಬಾಯಲ್ಲಿ "ಒಂದು ಹದಿನೈದು ದಿನ ಸಾರ್, ಹೆಚ್ಚಂದ್ರೆ" ಅನ್ನುದೂ ಸುಮಾರು ಅದೇ! ಅವರಿಗೆ ಡಿಗ್ರಿ ಬೇಕಾಗಿಲ್ಲ.

ಈಗ ಲ್ಯಾಬ್. ಬ್ರೋಷರಲ್ಲಿ ಪ್ರಿಮವೇರಾ, ಎಂಎಸ್ ಪ್ರಾಜೆಕ್ಟ್ ಅಂತ ಪ್ಲಾನಿಂಗ್ ಸಾಫ್ಟ್‌ವೇರ್, ಬಿಐಎಂ ಅಂತ ಕಟ್ಟಡದ ಡಿಜಿಟಲ್ ಮಾಡೆಲ್ ಎಲ್ಲ ದೊಡ್ಡ ಅಕ್ಷರದಲ್ಲಿ ಉಂಟು, ಒಳಗೆ ಹೋದ್ರೆ ಸಾಫ್ಟ್‌ವೇರ್ ಓಪನ್ ಆಗುದು ಕೆಲವೇ ಸಿಸ್ಟಮಲ್ಲಿ, ಒಂದರ ಎದುರು ನಾಲ್ಕು ಜನ, ಮೌಸ್ ಇದ್ದವನಿಗೆ ಮಾತ್ರ ಕಲಿಯುವ ಭಾಗ್ಯ. ರೆಕಾರ್ಡ್ ಬುಕ್ಕಿಗೆ ಸೀನಿಯರ್‌ಗಳ ಸ್ಕ್ರೀನ್‌ಶಾಟ್ ಅಂಟಿಸಿ ಮಾರ್ಕ್ ತಕೊಳ್ಳುದು. ಬರೀ ಸಾಫ್ಟ್‌ವೇರ್ ಆಸೆಗೆ ಸೇರುದಾದ್ರೆ ಬೇಡ, ಅದು ಯೂಟ್ಯೂಬ್ ನೋಡಿ ಮನೆಯಲ್ಲೇ ಆಗ್ತದೆ.

ಥೀಸಿಸ್ ಬಗ್ಗೆ ಹೇಳ್ಲೇಬೇಕು. ಅರ್ಧ ಕ್ಲಾಸಿನ ವಿಷಯ ಒಂದೇ, "ನಿರ್ಮಾಣ ಕಾಮಗಾರಿಗಳ ವಿಳಂಬಕ್ಕೆ ಕಾರಣಗಳು". ಗೂಗಲ್ ಫಾರ್ಮ್ ಮಾಡಿ ಗೊತ್ತಿದ್ದ ಇಂಜಿನಿಯರ್‌ಗಳಿಗೆಲ್ಲ ಕಳಿಸಿ ಒಂದರಿಂದ ಐದರ ಒಳಗೆ ಮಾರ್ಕ್ ಕೊಡಿ ಅಂತ ಕಾಡಿ, ಯಾವ ಕಾರಣ ಎಷ್ಟು ಮುಖ್ಯ ಅಂತ ಸಾಲಲ್ಲಿ ಇಡುವ ಆರ್‌ಐಐ ಸೂತ್ರ ಹಾಕಿ, ಕೊನೆಗೆ "ಬಿಲ್ ಪಾವತಿ ತಡ, ಜಾಗ ಸಿಗುದು ತಡ" ಅಂತ ಕಂಡುಹಿಡಿಯುದು. ಇದಕ್ಕೆ ಒಂದು ವರ್ಷ ಬೇಕಾ? ಅಡಿಕೆ ಹೆಕ್ಕುತ್ತಾ ಇದ್ದ ನಮ್ಮ ಅಪ್ಪ ಕೇಳಿ, "ಇದನ್ನು ಪಂಚಾಯತ್ ರೋಡಿನ ಕಂಟ್ರಾಕ್ಟರಲ್ಲಿ ಕೇಳಿದ್ರೆ ಅರ್ಧ ಗಂಟೆಯಲ್ಲಿ ಹೇಳ್ತಿದ್ದ" ಅಂದ್ರು.

ನನ್ನನ್ನು ಕೇಳಿದ್ರೆ ನಮ್ಮ ಹುಡುಗರಿಗೆ ಥೀಸಿಸ್ ವಿಷಯ ಮನೆ ಎದುರೇ ಉಂಟು. ತಲಪಾಡಿಯಿಂದ ಚೆಂಗಳದ ತನಕ 39 ಕಿಲೋಮೀಟರ್ ಎನ್‌ಎಚ್ 66 ಷಟ್ಪಥ ಕೆಲಸ ಮಾಡಿದ್ದು ಊರಾಳುಂಗಲ್ ಲೇಬರ್ ಸೊಸೈಟಿ, 1925ರಲ್ಲಿ ಹುಟ್ಟಿದ ಕೂಲಿಕಾರರ ಸಹಕಾರಿ ಸಂಘ. ಅದು ಹ್ಯಾಮ್ (ಹೈಬ್ರಿಡ್ ಆನ್ಯುಯಿಟಿ) ಮಾದರಿ, ಅಂದ್ರೆ ಕಟ್ಟುವಾಗ 40 ಪರ್ಸೆಂಟ್ ಸರ್ಕಾರದ್ದು ಕಂತು ಕಂತಾಗಿ ಬರ್ತದೆ, ಉಳಿದ 60 ಕಟ್ಟಿದವರೇ ಹೊಂದಿಸಿ ಹಾಕ್ಬೇಕು, ರಸ್ತೆ ಮುಗಿದ ಮೇಲೆ 15 ವರ್ಷ ಆನ್ಯುಯಿಟಿಯಾಗಿ, ಅಂದ್ರೆ ಕಂತಲ್ಲಿ, ಬಡ್ಡಿ ಸಮೇತ ವಾಪಸ್. ಷೇರ್ ಮಾರ್ಕೆಟ್ ಕಂಪನಿ ಅಲ್ಲದ ಒಂದು ಸೊಸೈಟಿ ಅಷ್ಟು ದುಡ್ಡನ್ನು ಹೇಗೆ ಹೊಂದಿಸ್ತದೆ, ಕೆಲಸದವರೇ ಸದಸ್ಯರಾದ್ರೆ ಲೇಬರ್ ಪ್ರೊಡಕ್ಟಿವಿಟಿ ಹೇಗಿರ್ತದೆ, ಇದರ ಮೇಲೆ ಯಾರಾದ್ರೂ ಕೂತು ಬರೆದ್ರೆ ನಾನೇ ಓದ್ತೇನೆ. ಫೈನಾನ್ಸ್ ಪೇಪರಲ್ಲಿ ಹ್ಯಾಮ್ ಬಂದಾಗ ನಮ್ಮ ಕಡೆಯವರಿಗೆ ಮಾತ್ರ ಬೇಗ ತಲೆಗೆ ಹೋಯ್ತು, ದಿನಾ ಬಸ್ಸಲ್ಲಿ ಕೂತು ಅದರ ಧೂಳು ತಿಂದವರಲ್ವಾ.

ಎಲ್ಲಿ ಸೇರುದು ಅಂದ್ರೆ, ಎಂ.ಟೆಕ್ಕಿನ ಪ್ರವೇಶ ಪರೀಕ್ಷೆ ಗೇಟಿನ ಸ್ಕೋರ್ ಇದ್ರೆ ಸುರತ್ಕಲ್ ಎನ್‌ಐಟಿಕೆಯಲ್ಲೇ ಕನ್ಸ್ಟ್ರಕ್ಷನ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಉಂಟು, ಎನ್‌ಐಟಿಗಳ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗಲ್ಲಿ ಸೀಟು, ಭಾನುವಾರ ಮನೆಗೆ ಬಂದು ಹೋಗುವಷ್ಟೇ ದೂರ. ಗೇಟ್ ಸ್ಕೋರ್ ಮೂರು ವರ್ಷ ನಡೀತದೆ, ಅಂದ್ರೆ ಬರೆದಿಟ್ಟು ಸೈಟಿಗೆ ಹೋಗಿ ಆಮೇಲೆ ಸೇರ್ಲಿಕ್ಕೂ ಆಗ್ತದೆ, ನಾನು ಹೇಳುದೂ ಅದನ್ನೇ. ಗೇಟ್ ಇದ್ದವರಿಗೆ ತಿಂಗಳಿಗೆ 12,400 ಸ್ಟೈಪೆಂಡ್, ಗೇಟ್ ಇಲ್ಲದೆ ಪ್ರೈವೇಟಿಗೆ ಬಂದ್ರೆ ಆ ದುಡ್ಡು ಇಲ್ಲ, ಮೇಲಿಂದ ಫೀಸ್ ಬೇರೆ. ಬಿ.ಟೆಕ್ ಫೈನಲ್ ಇಯರಲ್ಲಿ ಇರುವವರು ಎಲ್ ಅಂಡ್ ಟಿಯ ಬಿಲ್ಡ್ ಇಂಡಿಯಾ ಸ್ಕಾಲರ್‌ಶಿಪ್ ನೋಡಿ, ಓದ್ಸಿ ಕೆಲಸವನ್ನೂ ಅವರೇ ಕೊಡ್ತಾರೆ, ಆದ್ರೆ ಬಾಂಡ್ ಉಂಟು, ಸಹಿ ಹಾಕುವ ಮೊದಲು ಸರಿ ಓದಿ. ಪುಣೆಯ ನಿಕ್ಮಾರ್ ಈ ಒಂದು ವಿಷಯಕ್ಕೇ ಹುಟ್ಟಿದ್ದು, 1983ರಿಂದ ಉಂಟು, ಗೇಟ್ ಬೇಡ ಅನ್ನುವವರು ಆ ಕಡೆ ಹೋಗ್ತಾರೆ, ಜೇಬು ನೋಡ್ಕೊಂಡು ಹೋಗ್ಬೇಕು.

ದುಬೈ ಕತಾರ್ ಲೆಕ್ಕ ಹಾಕಿ ಕೂತವರಿಗೆ ಬೇರೆ ಮಾತು. ಅಲ್ಲಿಗೆ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಒಂದು ಸರ್ಟಿಫಿಕೇಟ್ ಪರೀಕ್ಷೆ) ಮಾಡ್ಲಾ ಎಂ.ಟೆಕ್ ಮಾಡ್ಲಾ ಅಂತ ಕೇಳಿದ್ರೆ, ಪಿಎಂಪಿಗೆ ಡಿಗ್ರಿ ಇದ್ದವರಿಗೂ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಬೇಕು, ಮೇಲೆ 35 ಗಂಟೆ ಟ್ರೇನಿಂಗ್. ಅಷ್ಟು ಅನುಭವ ಆದವ ಅದನ್ನೇ ಬರೀಲಿ, ಎರಡು ವರ್ಷದ ಸಂಬಳ ಉಳೀತದೆ. ಆಗದವ ಸೈಟಿಗೆ ಹೋಗ್ಲಿ. ಕಾಲೇಜು ಮುಗಿಸಿ ನೇರ ಬಂದ ನಮ್ಮ ಕ್ಲಾಸಿನವರಿಗೆ 28 ದಿನದ ನೋಟೀಸ್ ಅಂದ್ರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಒಂದು ನಂಬರ್ ಅಷ್ಟೇ ಆಗಿತ್ತು.

ಕರ್ನಾಟಕದಲ್ಲಿ ಪಿಜಿಸಿಇಟಿ (ಎಂ.ಟೆಕ್ ಸೀಟಿನ ರಾಜ್ಯದ ಪರೀಕ್ಷೆ) ಮೂಲಕ ಸೇರುವವರು ಬ್ರೋಷರಲ್ಲಿ ಅರ್ಹತೆಯ ಭಾಗ ಮೊದಲು ಓದಿ, ಬಿ.ಇ ಸಿಇಟಿಯಲ್ಲಿ ಇದ್ದ ಗಡಿನಾಡ ಕನ್ನಡಿಗ ದಾರಿ ಇಲ್ಲೂ ಹಾಗೇ ಇರ್ತದೆ ಅಂತ ಗ್ರಹಿಸಿ ಕೂರ್ಬೇಡಿ. ಕೇರಳದಲ್ಲಿ ಪಿಎಸ್‌ಸಿ ಬರೆಯುವ ಆಸೆ ಇದ್ರೆ ಹೊರ ರಾಜ್ಯದ ಡಿಗ್ರಿ ಅಲ್ಲಿಯದಕ್ಕೆ ಸಮ ಅನ್ನುವ ಈಕ್ವಿವಲೆನ್ಸಿ ಸರ್ಟಿಫಿಕೇಟಿನ ವಿಷಯವನ್ನೂ ಫೀಸ್ ಕಟ್ಟುವ ಮೊದಲೇ ವಿಚಾರಿಸಿ.