ಟೋರಿಕ್ ಕಾಂಟ್ಯಾಕ್ಟ್ ಲೆನ್ಸ್ ಮೂರು ವರ್ಷ ಹಾಕಿದ ಅನುಭವ, ಸಿಲಿಂಡರ್ ಪವರ್ ಇರೋರಿಗೆ
ನಂದು ಎಡಗಣ್ಣು ಸಿಂಪಲ್, ಮೈನಸ್ 2.25 ಅಷ್ಟೇ. ತರ್ಲೆ ಎಲ್ಲಾ ಬಲಗಣ್ಣಿಂದು: ಮೈನಸ್ 2.50, ಜೊತೆಗೆ ಸಿಲಿಂಡರ್ (ಕಣ್ಣಿನ ಉಬ್ಬು ಎಲ್ಲಾ ಕಡೆ ಒಂದೇ ಸಮ ಇಲ್ದಿದ್ರೆ ಕೊಡೋ ಪವರ್) ಮೈನಸ್ 1.50, ಆಕ್ಸಿಸ್ (ಆ ಪವರ್ ಕೂರಬೇಕಾದ ದಿಕ್ಕು, ಡಿಗ್ರೀಲಿ) 180. ಮಳೇಲಿ ಹೆಲ್ಮೆಟ್ ಒಳಗೆ ಕನ್ನಡಕ ಮಂಜಾಗಿ ಮಂಜಾಗಿ ಸಾಕಾಗಿ ಲೆನ್ಸ್‌ಗೆ ಹೋದೆ.

ಮೊದಲನೇ ಅಂಗಡಿಯವ್ರು "ಸಿಲಿಂಡರ್ ಸ್ವಲ್ಪಾನೇ ಇದೆ, ಪ್ಲೇನ್ ಪವರಲ್ಲೇ ಅಡ್ಜಸ್ಟ್ ಮಾಡ್ಕೊಡ್ತೀನಿ" ಅಂತ ಎರಡು ಕಣ್ಣಿಗೂ ಸಿಲಿಂಡರ್ ಇಲ್ದಿರೋ ಮಾಮೂಲಿ ಲೆನ್ಸ್ ಕೊಟ್ಟು ಕಳಿಸಿದ್ರು. 0.50 ಇದ್ರೆ ಅದು ನಡಿಯುತ್ತೆ, 1.50ಗೆ ಎಲ್ಲಿ ನಡಿಯುತ್ತೆ. ರಾತ್ರಿ ಎದುರಿಂದ ಬರೋ ಬೈಕ್ ಲೈಟು ಗೆರೆ ಎಳೆದಂಗೆ ಕಾಣೋದು, ಬಸ್ ಬೋರ್ಡಲ್ಲಿ ಇರೋದು 500ಓ 600ಓ ಅಂತ ಬಸ್ ಮೂತಿ ಹತ್ರ ಬಂದ ಮೇಲೇ ಗೊತ್ತಾಗೋದು. ಆರು ತಿಂಗಳ ಲೆನ್ಸ್ ದುಡ್ಡು ನೀರಲ್ಲಿ ಹೋಮ.

ಎರಡನೇ ಸಲ ಸಿಕ್ಕ ಆಪ್ಟೋಮೆಟ್ರಿಸ್ಟ್ ಮೇಡಂ ಸರಿಯಾಗಿ ಬಿಡಿಸಿ ಹೇಳಿದ್ರು. ಮಾಮೂಲಿ ಲೆನ್ಸ್ ಕಣ್ಣಲ್ಲಿ ಗಿರಗಿರ ತಿರುಗಿದ್ರೂ ತೊಂದ್ರೆ ಇಲ್ಲ, ಸಿಲಿಂಡರ್ ಪವರ್ ಇರೋ ಟೋರಿಕ್ ಮಾತ್ರ ಹಾಕಿದ ದಿಕ್ಕಲ್ಲೇ ನಿಲ್ಲಬೇಕು, ಅದಕ್ಕೇ ಕೆಳಭಾಗ ಸ್ವಲ್ಪ ದಪ್ಪ ಇರುತ್ತೆ, ಕಲ್ಲಂಗಡಿ ಬೀಜ ಬೆರಳಲ್ಲಿ ಅಮುಕಿದ್ರೆ ಪುಸಕ್ ಅಂತ ಜಾರುತ್ತಲ್ಲ, ಹಂಗೆ ರೆಪ್ಪೆ ಮಿಟುಕಿಸಿದಾಗೆಲ್ಲ ಆ ದಪ್ಪ ಭಾಗ ಕೆಳಕ್ಕೆ ಜಾರಿ ಕೂರುತ್ತಂತೆ. ಟ್ರಯಲ್ ಲೆನ್ಸ್ ಹಾಕಿ 20 ನಿಮಿಷ ಹೊರಗೆ ಕೂರಿಸಿ ಆಮೇಲೆ ಮಷೀನಲ್ಲಿ ನೋಡಿದ್ರು. ಲೆನ್ಸ್ ಕೆಳಗಡೆ, ಗಡಿಯಾರದ 6ರ ಜಾಗದಲ್ಲಿ, ಕೂದಲೆಳೆಯಂಥ ಗುರುತು ಇರುತ್ತೆ. ನಂದು ಅವ್ರ ಬಲಕ್ಕೆ 10 ಡಿಗ್ರಿ ವಾಲಿ ನಿಂತಿತ್ತು. ಇನ್ನೊಂದು ಹಾಕಿ ನೋಡಿದ್ರೂ ಅದೇ 10. ಹಂಗಾಗಿ, ವಾಲಿದ ಮೇಲೆ ಸರಿಯಾಗಿ 180ಕ್ಕೆ ಬಂದು ನಿಲ್ಲಲಿ ಅಂತ, ಆಕ್ಸಿಸ್ 180 ಬಿಟ್ಟು 170 ಆರ್ಡರ್ ಮಾಡಿದ್ರು. 10 ಡಿಗ್ರಿ ತಿರುಗಿದ್ರೆ ಸಿಲಿಂಡರ್ ಕೆಲಸ ಸುಮಾರು ಮೂರನೇ ಒಂದು ಭಾಗ ಹೋಯ್ತು ಅಂತಲೇ ಲೆಕ್ಕ. ಯಾವಾಗ್ಲೂ ಒಂದೇ ಕಡೆ ವಾಲಿದ್ರೆ ಹಿಂಗೆ ಸರಿ ಮಾಡಬಹುದು, ಒಂದೊಂದು ಸಲ ಒಂದೊಂದು ಕಡೆ ನಿಂತ್ರೆ ಬೇರೆ ಡಿಸೈನಿನ ಲೆನ್ಸೇ ನೋಡಬೇಕು. ಅದಕ್ಕೆ ಹೇಳೋದು, ಟ್ರಯಲ್ ಹಾಕಿಸ್ದೆ ಕನ್ನಡಕದ ಚೀಟಿ ನೋಡ್ಕೊಂಡು ಆನ್‌ಲೈನಲ್ಲಿ ತರಿಸಬೇಡಿ.

ನಾನು ಹಾಕ್ತಿರೋದು ಬಯೋಫಿನಿಟಿ ಟೋರಿಕ್, ತಿಂಗಳಿಗೊಂದು ಸಲ ಬದಲಿಸೋದು. ಅದರಲ್ಲಿ ಸಿಲಿಂಡರ್ 0.75, 1.25, 1.75, 2.25 ಹಿಂಗೇ ಬರೋದು, 1.50 ಇಲ್ಲ, ನನಗೆ 1.25 ಕೊಟ್ರು, ವ್ಯತ್ಯಾಸ ಏನೂ ಗೊತ್ತಾಗಿಲ್ಲ. ಎಡಗಣ್ಣಿಗೆ ಪ್ಲೇನೇ, ಅಷ್ಟು ದುಡ್ಡು ಉಳೀತು.

ಕಷ್ಟ ಇಲ್ವಾ, ಇದೆ. ಮಗ್ಗುಲಾಗಿ ಮಲಗಿ ಮೊಬೈಲ್ ನೋಡಿದ್ರೆ ಅಕ್ಷರಕ್ಕೆ ನೆರಳು ಬರುತ್ತೆ, ಎದ್ದು ಕೂತು ನಾಲ್ಕು ಸಲ ಕಣ್ಣು ಮಿಟುಕಿಸಿದ್ರೆ ಸರಿ. ಆಫೀಸ್ ಏಸೀಲಿ ಸಂಜೆ 4ಕ್ಕೆಲ್ಲಾ ಕಣ್ಣು ಒಣಗುತ್ತೆ, ಲೆನ್ಸ್ ಮೇಲೇ ಹಾಕೋ ಡ್ರಾಪ್ಸ್ ಬ್ಯಾಗಲ್ಲಿರಲಿ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಸೋಪಲ್ಲಿ ಎರಡು ಸಲ ತೊಳೆದೇ ಲೆನ್ಸ್ ತೆಗೆದೆ, ಆದ್ರೂ ಬಲಗಣ್ಣು ಅರ್ಧ ಗಂಟೆ ಉರಿ ಅಂದ್ರೆ ಉರಿ. ಆ ಜೋಡೀನ ಎಸೆದೇ ಬಿಟ್ಟೆ. ಈಗ ಒಗ್ಗರಣೆಗೆ ಮುಂಚೆ ಲೆನ್ಸ್ ಡಬ್ಬಿಗೆ, ಹೊಸ ಸೊಲ್ಯೂಷನ್ ಸುರಿದು, ನಲ್ಲಿ ನೀರು ಹತ್ರಾನೂ ತರಲ್ಲ.

ಇನ್ನೊಂದು, ನಂ ಪವರ್ ಅಂಗಡೀಲಿ ರೆಡಿ ಇರಲ್ಲ, ಆರ್ಡರ್ ಹಾಕಿ ವಾರ ಹತ್ತು ದಿನ ಕಾಯಬೇಕು. ಒಂದು ಸಲ ಬಲಗಣ್ಣಿನ ಕೊನೇ ಲೆನ್ಸು ಸಿಂಕಲ್ಲಿ ಹರಿದೋಯ್ತು, ಅವಾಗಿಂದ ಒಂದು ಡಬ್ಬಿ ಎಕ್ಸ್‌ಟ್ರಾ ಇಟ್ಟಿರ್ತೀನಿ.