ನಾಲ್ಕು ಮಳೆಗಾಲ ಕಂಡ ನನ್ನ ಟೂರಿಂಗ್ ಸೈಕಲ್

ಈ ಸೈಕಲ್ ತಗೊಂಡು ನಾಲ್ಕು ವರ್ಷ ತುಂಬಿತು. ಮೀಟರ್ 21,400 ಕಿ.ಮೀ. ತೋರಿಸುತ್ತಿದೆ. ದಿನಾ ಕೆಲಸಕ್ಕೆ ಹೋಗಿಬರಲು 18 ಕಿ.ಮೀ., ವರ್ಷಕ್ಕೆರಡು ಸಲ ಬ್ಯಾಗು ಕಟ್ಟಿಕೊಂಡು ನಾಲ್ಕೈದು ದಿನದ ಸುತ್ತಾಟ. ಮಳೆ ಅಂತ ನಿಲ್ಲಿಸಿಲ್ಲ, ಚಳಿ ಅಂತ ನಿಲ್ಲಿಸಿಲ್ಲ, ಬಿಸಿಲು ಅಂತಲೂ ನಿಲ್ಲಿಸಿಲ್ಲ. ಆದರೆ ತಂದ ದಿನ ಹೇಗಿತ್ತೋ ಹಾಗೇ ಇದ್ದಿದ್ದರೆ ಎರಡನೇ ವರ್ಷಕ್ಕೇ ಮೂಲೆ ಸೇರುತ್ತಿತ್ತು. ಏನೇನು ಬದಲಾಯಿಸಿದೆ, ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ಸೈಕಲ್ಲಿನ ವಿವರ ಹೇಳಿಬಿಡುತ್ತೇನೆ. ಕ್ರೋಮೊಲಿ, ಅಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಸ್ಟೀಲಿನ ಫ್ರೇಮ್. 700ಸಿ ಅನ್ನುವ ಅಳತೆಯ ಚಕ್ರ, ಒಂದೊಂದಕ್ಕೂ 36 ಕಡ್ಡಿ. ಮುಂದೆ 48-36-26 ಹಲ್ಲಿನ ಮೂರು ರಿಂಗು, ಹಿಂದೆ 11ರಿಂದ 34 ಹಲ್ಲಿನ ಒಂಬತ್ತು ಗೇರು. ಕೇಬಲ್ ಎಳೆತದ ಡಿಸ್ಕ್ ಬ್ರೇಕ್. ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಮುಕ್ಕಾಲು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಸಾಮಾನು ಹೇರಿಕೊಂಡು ಏರು ಹತ್ತುವಾಗ ಇದರ ಬೆಲೆ ಗೊತ್ತಾಗುತ್ತದೆ. ಗೇರಿನ ವಿಷಯದಲ್ಲಿ ನಾನು ಏನನ್ನೂ ಬದಲಾಯಿಸಲಿಲ್ಲ, ಬದಲಾಯಿಸಬೇಕು ಅಂತ ಅನಿಸಲೂ ಇಲ್ಲ.

ಮೊದಲ ಮಳೆಗಾಲದ ಎರಡನೇ ತಿಂಗಳು. ಪೆಡಲ್ ತುಳಿದಾಗೆಲ್ಲ ಕೆಳಗಿನಿಂದ ಕರಕರ ಸದ್ದು. ಪೆಡಲ್ ಬಿಚ್ಚಿ ಗ್ರೀಸು ಹಚ್ಚಿದೆ, ಹೋಗಲಿಲ್ಲ. ಕೊನೆಗೆ ಸೀಟಿನ ಕಂಬ ಎಳೆದು ತೆಗೆದು ಸೈಕಲ್ ತಲೆಕೆಳಗೆ ಮಾಡಿದೆ. ಅರ್ಧ ಲೋಟದಷ್ಟು ಕೆಂಪು ನೀರು ಸುರಿಯಿತು! ಮಳೆ ನೀರು ಮೇಲಿಂದ ಸೀಟಿನ ಕಂಬದ ಪಕ್ಕ ಇಳಿದಿರಬೇಕು ಅಂತ ಮೊದಲು ಅಂದುಕೊಂಡೆ. ಆಮೇಲೆ ಸರಿಯಾಗಿ ನೋಡಿದಾಗ ಗೊತ್ತಾಯಿತು. ಕಂಬವನ್ನು ಬಿಗಿ ಹಿಡಿಯುವ ಕ್ಲ್ಯಾಂಪಿನ ಹತ್ತಿರ ಫ್ರೇಮಿನಲ್ಲಿ ಒಂದು ಸೀಳು ಇರುತ್ತದಲ್ಲ, ಅದು ಹಿಂದಕ್ಕೆ ಮುಖ ಮಾಡಿತ್ತು. ಹಿಂದಿನ ಚಕ್ರ ಎರಚುವ ಕೆಸರು ನೀರು ನೇರವಾಗಿ ಆ ಸೀಳಿಗೇ ಹೋಗುತ್ತದೆ. ಒಳಗೆ ಹೋದ ನೀರು ಪೆಡಲಿನ ಅಚ್ಚು ಕೂತಿರುವ ಕೆಳಭಾಗದಲ್ಲಿ ನಿಲ್ಲುತ್ತದೆ. ಅಲ್ಲಿ ನೀರು ಹರಿದುಹೋಗಲಿ ಅಂತ ಒಂದು ಪುಟ್ಟ ತೂತು ಇತ್ತು. ಆದರೆ ಜೋಡಿಸುವಾಗ ತುಂಬಿದ ಗ್ರೀಸು ಅದನ್ನು ಮುಚ್ಚಿಬಿಟ್ಟಿತ್ತು.

ಎಲ್ಲಾ ಋತುವಿಗೂ ಸೈಕಲ್ ಹೊಂದಿಸುವುದು ಅಂದರೆ ಏನು ಅಂತ ನನಗೆ ಅವತ್ತು ಅರ್ಥವಾಯಿತು. ಆಕಾಶದಿಂದ ಬೀಳುವ ನೀರು ಅಷ್ಟೇನೂ ಕೆಡಿಸುವುದಿಲ್ಲ. ಕೆಡಿಸುವುದು ಸೈಕಲ್ ತಾನೇ ರಸ್ತೆಯಿಂದ ಎತ್ತಿ ಎರಚಿಕೊಳ್ಳುವ ನೀರು. ಅದರಲ್ಲಿ ಮರಳು, ಎಣ್ಣೆ, ಧೂಳು ಎಲ್ಲಾ ಇರುತ್ತದೆ. ಆ ನೀರು ಒಳಗೆ ಬರದ ಹಾಗೆ ನೋಡಿಕೊಳ್ಳಬೇಕು, ಬಂದರೆ ಹೊರಗೆ ಹೋಗಲು ದಾರಿ ಬಿಡಬೇಕು. ಆಮೇಲೆ ಮಾಡಿದ್ದೆಲ್ಲಾ ಈ ಎರಡು ಮಾತಿನ ಸುತ್ತಲೇ.

ಪೆಡಲಿನ ಅಚ್ಚಿನ ಬೇರಿಂಗ್ ಹಾಳಾಗಿತ್ತು, ಹೊಸದು ಹಾಕಬೇಕಾಯಿತು. ಹಾಕುವ ಮುಂಚೆ ಫ್ರೇಮ್ ಎರಡು ದಿನ ಒಣಗಿಸಿದೆ. ಕೊಳವೆಗಳ ಒಳಗೆ ಬೇಯಿಸಿದ ಅಗಸೆ ಎಣ್ಣೆ ಬಿಟ್ಟು, ಫ್ರೇಮನ್ನು ಎಲ್ಲಾ ದಿಕ್ಕಿಗೂ ವಾಲಿಸಿ, ಒಳಗೋಡೆಗೆಲ್ಲಾ ಅಂಟುವಂತೆ ಮಾಡಿ, ಉಳಿದದ್ದನ್ನು ಬಸಿದೆ. ಇದು ಒಣಗಿದರೆ ತೆಳುವಾದ ಪದರವಾಗಿ ಗಟ್ಟಿಯಾಗುತ್ತದೆ, ತುಕ್ಕು ತಡೆಯುತ್ತದೆ. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ, ಬಯಲಲ್ಲಿ ಹರವಿ, ಪೂರ್ತಿ ಒಣಗಿಸಿ ಆಮೇಲೆ ಎಸೆಯಿರಿ.

ಕ್ಲ್ಯಾಂಪಿನ ಸೀಳಿಗೆ ಹಳೆ ಟ್ಯೂಬಿನ ಒಂದು ತುಂಡು ಸಾಕಾಯಿತು. ನಾಲ್ಕು ಬೆರಳಗಲ ಕತ್ತರಿಸಿ, ಕಂಬಕ್ಕೆ ಬಳೆಯ ಹಾಗೆ ತೊಡಿಸಿ, ಕ್ಲ್ಯಾಂಪ್ ಮುಚ್ಚುವಷ್ಟು ಕೆಳಗೆ ಎಳೆದೆ. ಕೆಳಗಿನ ತೂತನ್ನು ಕಡ್ಡಿ ಹಾಕಿ ಬಿಡಿಸಿದೆ. ಕಂಬಕ್ಕೆ ಎರಡು ತಿಂಗಳಿಗೊಮ್ಮೆ ಗ್ರೀಸು. ಅಲ್ಯೂಮಿನಿಯಂ ಕಂಬ ಸ್ಟೀಲ್ ಫ್ರೇಮಿನೊಳಗೆ ಒದ್ದೆಯಾಗಿ ಕೂತರೆ ಎರಡೂ ಸೇರಿ ಕಚ್ಚಿಕೊಳ್ಳುತ್ತವೆ, ಆಮೇಲೆ ಯಾರ ಕೈಗೂ ಬರುವುದಿಲ್ಲ. ಈಗ ಪ್ರತಿ ಸಲ ತೆಗೆದಾಗ ಒಳಗೆ ಬ್ಯಾಟರಿ ಬಿಟ್ಟು ನೋಡುತ್ತೇನೆ. ಮೂರು ವರ್ಷದಿಂದ ಒಣಗಿಯೇ ಇದೆ.

ಇನ್ನು ಮಡ್‌ಗಾರ್ಡ್. ಸೈಕಲ್ ಜೊತೆ ಬಂದಿದ್ದು ಮೋಟು ಪ್ಲಾಸ್ಟಿಕ್ಕು. ನೋಡೋಕೆ ಚೆಂದ, ಕೆಲಸಕ್ಕೆ ಬಾರದ್ದು. ಅದನ್ನು ತೆಗೆದು, ಚಕ್ರದ ಸುತ್ತ ಉದ್ದಕ್ಕೂ ಬರುವ 45 ಮಿ.ಮೀ. ಅಗಲದ್ದನ್ನು ಹಾಕಿದೆ. ಟೈರು 37 ಮಿ.ಮೀ. ಟೈರಿಗಿಂತ 8ರಿಂದ 10 ಮಿ.ಮೀ. ಅಗಲ ಇದ್ದರೆ ಪಕ್ಕದಿಂದ ನೀರು ಸಿಡಿಯುವುದಿಲ್ಲ. ಮುಂದಿನದರ ತುದಿಗೆ ದಪ್ಪ ರಬ್ಬರಿನ ಪಟ್ಟಿ ಕಟ್ಟಿ, ನೆಲದಿಂದ ಒಂದು ಗೇಣಿನಷ್ಟು ಮೇಲೆ ಬರುವಂತೆ ಇಳಿಬಿಟ್ಟೆ. ನಾಲ್ಕು ವರ್ಷದಲ್ಲಿ ಈ ಸೈಕಲ್ಲಿಗೆ ಹಾಕಿದ್ದರಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ರಬ್ಬರ್ ಪಟ್ಟಿ ಅಂತ ನಾನು ಖಂಡಿತ ಹೇಳುತ್ತೇನೆ. ಮುಂದಿನ ಚಕ್ರ ಎರಚುವ ನೀರು ಎಲ್ಲಿಗೆ ಹೋಗುತ್ತದೆ ಹೇಳಿ? ನಿಮ್ಮ ಪಾದಕ್ಕೆ, ಚೈನಿಗೆ, ಪೆಡಲಿನ ಅಚ್ಚಿಗೆ. ಪಟ್ಟಿ ಕಟ್ಟಿದ ಮೇಲೆ ಶೂ ಒದ್ದೆಯಾಗುವುದು ಕಡಿಮೆಯಾಯಿತು. ಚೈನು ಒಗೆಯುವ ಕೆಲಸ ಅರ್ಧಕ್ಕೆ ಇಳಿಯಿತು.

ಒಂದು ಅಪಾಯವನ್ನೂ ಹೇಳಲೇಬೇಕು. ಮುಂದಿನ ಮಡ್‌ಗಾರ್ಡ್ ಮತ್ತು ಟೈರಿನ ಮಧ್ಯೆ ಕೋಲು ಸಿಕ್ಕಿಕೊಂಡರೆ ಮಡ್‌ಗಾರ್ಡ್ ಮಡಚಿ ಚಕ್ರ ನಿಂತುಬಿಡಬಹುದು. ನನಗೆ ಒಂದು ಸಲ ಹಾಗೆ ಆಯಿತು. ಬೀಳದೆ ಉಳಿದಿದ್ದಕ್ಕೆ ಕಾರಣ, ಅದರ ಕಡ್ಡಿಗಳನ್ನು ಹಿಡಿದಿದ್ದ ಕ್ಲಿಪ್ಪು. ಜಗ್ಗಿದರೆ ತಾನೇ ಬಿಟ್ಟುಕೊಳ್ಳುವ ಕ್ಲಿಪ್ಪು ಅದು. ಮುಂದಿನ ಚಕ್ರಕ್ಕೆ ಅಂಥ ಕ್ಲಿಪ್ಪು ಇಲ್ಲದ ಮಡ್‌ಗಾರ್ಡ್ ಹಾಕಲೇಬೇಡಿ. ಟೈರಿನಿಂದ ಒಂದು ಸೆಂಟಿಮೀಟರ್ ಜಾಗ ಬಿಡಿ, ಇಲ್ಲದಿದ್ದರೆ ಜೇಡಿಮಣ್ಣಿನ ದಾರಿಯಲ್ಲಿ ಕೆಸರು ಗಟ್ಟಿ ಹಿಡಿದು ಚಕ್ರ ತಿರುಗುವುದೇ ಇಲ್ಲ.

ಬ್ರೇಕಿಗೆ ಬರೋಣ. ನನ್ನ ಹಳೆ ಸೈಕಲ್ಲಿನಲ್ಲಿ ರಿಮ್ಮನ್ನೇ ಒತ್ತುವ ಬ್ರೇಕ್ ಇತ್ತು. ಮಳೆಯಲ್ಲಿ ಮರಳು ರಬ್ಬರಿಗೆ ಅಂಟಿ ರಿಮ್ಮನ್ನು ಉಜ್ಜುಕಾಗದದ ಹಾಗೆ ಸವೆಸುತ್ತಿತ್ತು. ಆ ರಿಮ್ ಬೆರಳಿಗೆ ಗುಳಿ ಸಿಗುವಷ್ಟು ಸವೆದಿತ್ತು. ಡಿಸ್ಕಿನಲ್ಲಿ ಆ ಭಯ ಇಲ್ಲ. ಸವೆಯುವುದು ಚಕ್ರದ ನಡುವೆ ಕೂತಿರುವ ತಟ್ಟೆ (ಡಿಸ್ಕ್) ಮತ್ತು ಅದನ್ನು ಒತ್ತುವ ಪ್ಯಾಡು, ಎರಡನ್ನೂ ಬದಲಾಯಿಸಬಹುದು. ಇಳಿಜಾರಿನಲ್ಲಿ ಉದ್ದಕ್ಕೆ ಬ್ರೇಕ್ ಹಿಡಿದರೂ ರಿಮ್ ಕಾದು ಟ್ಯೂಬ್ ಒಡೆಯುವ ಚಿಂತೆ ಇಲ್ಲ. ಆದರೆ ಸೈಕಲ್ ಜೊತೆ ಬಂದ ರೆಸಿನ್ (ರಾಳದ) ಪ್ಯಾಡು ಮೊದಲ ಮಳೆಗಾಲದಲ್ಲಿ 1,100 ಕಿ.ಮೀ.ಗೇ ಮುಗಿದುಹೋಯಿತು. ಮೆಟಲ್ ಪ್ಯಾಡು ಹಾಕಿದೆ. ತಟ್ಟೆ ಅದಕ್ಕೆ ಒಗ್ಗುತ್ತದೋ ಇಲ್ಲವೋ ಅಂತ ಮೊದಲು ನೋಡಿ, ಕೆಲವು ತಟ್ಟೆಯ ಮೇಲೆ ರೆಸಿನ್ ಮಾತ್ರ ಅಂತ ಬರೆದಿರುತ್ತದೆ. ಮೆಟಲ್ ಪ್ಯಾಡು ಒದ್ದೆಯಾದಾಗ ಕಿರುಚುತ್ತದೆ, ಆದರೆ ಹೆಚ್ಚು ದಿನ ಬರುತ್ತದೆ. ಶಿಮಾನೊ ಕಂಪನಿಯ ತಟ್ಟೆ ಹೊಸದಿದ್ದಾಗ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಬದಲಾಯಿಸಬೇಕು. ಪ್ಯಾಡಿನಲ್ಲಿ ಅರ್ಧ ಮಿ.ಮೀ. ಉಳಿದರೆ ಅದೇ ಕೊನೆ. ಕೇಬಲ್ ಬ್ರೇಕಿನಲ್ಲಿ ಪ್ಯಾಡು ಸವೆದಂತೆ ತಾನಾಗಿ ಮುಂದೆ ಬರುವುದಿಲ್ಲ, ನಾವೇ ತಿರುಪು ತಿರುಗಿಸಿ ಹತ್ತಿರ ತರಬೇಕು. ಮಳೆಗಾಲದಲ್ಲಿ ನಾನು ವಾರಕ್ಕೊಮ್ಮೆ ನೋಡುತ್ತೇನೆ. ಚೈನಿಗೆ ಸ್ಪ್ರೇ ಮಾತ್ರ ಹೊಡೆಯಬೇಡಿ. ತಟ್ಟೆಗೆ ಒಂದು ಹನಿ ಎಣ್ಣೆ ಹಾರಿದರೂ ಪ್ಯಾಡು ಕೆಟ್ಟ ಹಾಗೆಯೇ.

ಚೈನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಳೆಗಾಲಕ್ಕೆ ದಪ್ಪ ಎಣ್ಣೆ, ಒಣ ದಿನಗಳಿಗೆ ತೆಳು ಎಣ್ಣೆ. ಬೇಸಿಗೆಯಲ್ಲಿ ದಪ್ಪ ಎಣ್ಣೆ ಹಾಕಿದರೆ ಧೂಳು ಹಿಡಿದು ಕಪ್ಪು ಅಂಟಾಗುತ್ತದೆ. ಎಣ್ಣೆ ಹಾಕುವುದಕ್ಕಿಂತ ಒರೆಸುವುದು ಮುಖ್ಯ. ಒದ್ದೆಯಾಗಿ ಮನೆಗೆ ಬಂದ ದಿನ ನನ್ನ ಊಟಕ್ಕೂ ಮುಂಚೆ ಚೈನು ಒರೆಸುತ್ತೇನೆ. ಸವೆತ ಅಳೆಯಲು ಇಂಚುಪಟ್ಟಿ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಎಣಿಸಿ 24ನೇ ಪಿನ್ನಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಮೀರಿದರೆ ಅರ್ಧ ಪರ್ಸೆಂಟ್ ಸವೆದಿದೆ, ಹೊಸ ಚೈನು ತಂದಿಟ್ಟುಕೊಳ್ಳಿ. ಎಂಟನೇ ಒಂದು ಭಾಗ ಮೀರಿದರೆ ಹಿಂದಿನ ಹಲ್ಲುಗಳನ್ನೂ ತಿಂದಿರುತ್ತದೆ. ಇದುವರೆಗೆ ಆರು ಚೈನು, ಎರಡು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಆಗಿವೆ.

ಟೈರು ಶ್ವಾಲ್ಬೆ ಮ್ಯಾರಥಾನ್ ಪ್ಲಸ್. ನೆಲಕ್ಕೆ ತಾಗುವ ಭಾಗದ ಒಳಗೆ 5 ಮಿ.ಮೀ. ದಪ್ಪದ ಮೆತ್ತನೆ ರಬ್ಬರ್ ಪದರ ಇದೆ. ಮಳೆಯಲ್ಲಿ ಪಂಕ್ಚರ್ ಜಾಸ್ತಿ, ಯಾಕಂದರೆ ಒದ್ದೆ ಗಾಜಿನ ಚೂರು ಟೈರಿಗೆ ಅಂಟಿಕೊಂಡು ಸುತ್ತು ಸುತ್ತಿಗೂ ಒಳಗೆ ಇಳಿಯುತ್ತದೆ. ಈ ಟೈರು ಹಾಕಿದ ಮೇಲೆ ಎರಡೇ ಪಂಕ್ಚರ್. ಭಾರ ಇದೆ, ನಾನು ಒಪ್ಪಿಯೇ ತಗೊಂಡಿದ್ದು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಟ್ಯೂಬ್ ಬದಲಾಯಿಸಿದವರಿಗೆ ಆ ಭಾರ ಭಾರ ಅನಿಸುವುದಿಲ್ಲ.

ಗಾಳಿಯ ವಿಷಯ ಬಹಳ ಜನ ಮರೆಯುತ್ತಾರೆ. 20 ಡಿಗ್ರಿಯಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದ ಟೈರು 40 ಡಿಗ್ರಿ ಸೆಕೆಗೆ ಸುಮಾರು 65 ಆಗುತ್ತದೆ, ಸೊನ್ನೆ ಡಿಗ್ರಿ ಚಳಿಗೆ 55ಕ್ಕೆ ಇಳಿಯುತ್ತದೆ. ಇದರ ಜೊತೆಗೆ ಟ್ಯೂಬಿನಿಂದ ಸುಮ್ನೆ ಸೋರುವುದು ಬೇರೆ. ಹಾಗಾಗಿ ಚಳಿಗಾಲದಲ್ಲಿ ಪಂಪು ಕೈಗೆ ಸಿಗುವಂತೆ ಇರಲಿ. ಮಳೆಯಲ್ಲಿ ನಾನು ನಾಲ್ಕೈದು ಪಿಎಸ್‌ಐ ಕಡಿಮೆ ಇಡುತ್ತೇನೆ, ಹಿಡಿತ ಚೆನ್ನಾಗಿರುತ್ತದೆ. ರಸ್ತೆಯ ಮೇಲೆ ನೀರು ಹೆಪ್ಪುಗಟ್ಟುವ ಕಡೆ ಇದ್ಯಾವುದೂ ಸಾಲದು. ಟಂಗ್‌ಸ್ಟನ್ ಕಾರ್ಬೈಡ್ ಮೊಳೆ ಇರುವ ಟೈರೇ ಬೇಕು.

ದೀಪಕ್ಕೆ ಮುಂದಿನ ಚಕ್ರದ ಹಬ್ಬಿನಲ್ಲೇ (ನಡುವಿನ ಗುಂಬದಲ್ಲೇ) ಡೈನಮೊ ಹಾಕಿಸಿದೆ, 6 ವೋಲ್ಟ್, 3 ವಾಟ್. ಚಾರ್ಜ್ ಮಾಡಲು ಮರೆತು ಕತ್ತಲಲ್ಲಿ ಸಿಕ್ಕಿಕೊಳ್ಳುವ ಕಾಟ ಹೋಯಿತು. ಹಗಲೂ ರಾತ್ರಿ ದೀಪ ಹಾಕಿಯೇ ಓಡಿಸುತ್ತೇನೆ. ಬೆಳಕನ್ನು ಮೇಲ್ಗಡೆ ಕತ್ತರಿಸಿ ರಸ್ತೆಗೆ ಮಾತ್ರ ಚೆಲ್ಲುವ ದೀಪ ತಗೊಳ್ಳಿ. ಮಂಜಿನಲ್ಲಿ ಮೇಲಕ್ಕೆ ಚೆಲ್ಲುವ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ, ಎದುರು ಬರುವವರಿಗೂ ತೊಂದರೆ, ಅಲ್ವಾ? ಮೂರನೇ ವರ್ಷ ಹಿಂದಿನ ದೀಪ ಆಗಾಗ ಆರತೊಡಗಿತು. ವೈರಿನ ತುದಿ ಹಸಿರುಗಟ್ಟಿತ್ತು. ಉಜ್ಜಿ, ವ್ಯಾಸಲಿನ್ ಹಚ್ಚಿ ಸಿಕ್ಕಿಸಿದೆ. ಆಮೇಲೆ ತೊಂದರೆ ಬಂದಿಲ್ಲ.

ಎರಡನೇ ವರ್ಷ ಹಿಂದಿನ ಚಕ್ರದ ಬಲಗಡೆ ಕಡ್ಡಿ ಎರಡು ಸಲ ಮುರಿಯಿತು. ಗೇರುಗಳಿಗೆ ಜಾಗ ಬೇಕಾದ್ದರಿಂದ ಬಲಗಡೆ ಕಡ್ಡಿಗಳ ಮೇಲೆ ಎಳೆತ ಜಾಸ್ತಿ. ಮಷೀನಿನಲ್ಲಿ ಕಟ್ಟಿದ ಚಕ್ರ, ಎಳೆತ ಒಂದೊಂದು ಕಡ್ಡಿಯಲ್ಲಿ ಒಂದೊಂದು ರೀತಿ ಇತ್ತು. ಗೊತ್ತಿರುವ ಒಬ್ಬರು ಕೂತು ಎಲ್ಲಾ ಕಡ್ಡಿಗಳನ್ನೂ ಸಮ ಮಾಡಿಕೊಟ್ಟರು. ಅಲ್ಲಿಂದ ಒಂದೂ ಮುರಿದಿಲ್ಲ. ಆ ಹಿಂದಿನ ಚಕ್ರದ ಹಬ್ ಅನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬಿಚ್ಚುತ್ತೇನೆ. ಒಂದೊಂದು ಕಡೆ ಕಾಲಿಂಚಿನ ಒಂಬತ್ತು ಬಾಲ್ಸ್. ಹಳೆ ಗ್ರೀಸು ಬೂದುಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ. ಜೋರು ನೀರಿನ ಪೈಪಿನಿಂದ ಸೈಕಲ್ ತೊಳೆಯುವುದನ್ನು ಅದಕ್ಕೇ ಬಿಟ್ಟೆ. ಬಕೆಟ್ಟು, ಬ್ರಷ್ಷು ಸಾಕು.

ಬೇಸಿಗೆ ಇಷ್ಟು ಕಾಟ ಕೊಡಲಿಲ್ಲ. ಆದರೆ ಬೆವರನ್ನು ಹಗುರವಾಗಿ ತಗೋಬೇಡಿ. ಅದರಲ್ಲಿ ಉಪ್ಪು ಇದೆ. ಹ್ಯಾಂಡಲ್ ಹಿಡಿದಿರುವ ಬೋಲ್ಟುಗಳ ತಲೆ ತುಕ್ಕು ಹಿಡಿದು ಕೀಲಿ ಜಾರತೊಡಗಿದ ಮೇಲೆ ಎಲ್ಲವನ್ನೂ ಸ್ಟೇನ್‌ಲೆಸ್‌ಗೆ ಬದಲಾಯಿಸಿದೆ. ಕ್ಯಾರಿಯರ್ ಬೋಲ್ಟುಗಳಿಗೆ ಸಡಿಲವಾಗದಂತೆ ಹಿಡಿಯುವ ಅಂಟು ಹಚ್ಚಿದ್ದೇನೆ. ಆದರೂ ಪ್ರವಾಸದಲ್ಲಿ ದಿನಾ ಬೆಳಗ್ಗೆ ಒಂದು ಸಲ ಕೀಲಿ ಹಾಕಿ ನೋಡುತ್ತೇನೆ.

ಇಷ್ಟವಾಗದ್ದೂ ಇದೆ. ಮಡ್‌ಗಾರ್ಡ್, ಡೈನಮೊ, ಕ್ಯಾರಿಯರ್ ಎಲ್ಲಾ ಸೇರಿ ಈಗ 17 ಕಿಲೋ ದಾಟಿದೆ. ಮಹಡಿ ಹತ್ತಿಸುವಾಗ ಭುಜ ನೋಯುತ್ತದೆ. ಗೇರಿನ ಕೇಬಲ್ ಪೆಡಲ್ ಅಚ್ಚಿನ ಕೆಳಗಿಂದ ಹಾದುಹೋಗುತ್ತದೆ. ಅಲ್ಲಿ ಕೆಸರು ತುಂಬಿ ಗೇರು ಬೀಳುವುದು ನಿಧಾನವಾಗುತ್ತದೆ, ಪ್ರತಿ ಮಳೆಗಾಲಕ್ಕೂ ಹೊಸ ಕೇಬಲ್ ಬೇಕು. ಇದಕ್ಕೆ ಇನ್ನೂ ಒಳ್ಳೆ ಉಪಾಯ ಸಿಕ್ಕಿಲ್ಲ.

ಇಂಥ ಸೈಕಲ್ ಕೊಳ್ಳುವವರಿದ್ದರೆ, ಓಡಿಸಿ ನೋಡುವ ಮೊದಲು ಬಗ್ಗಿ ನೋಡಿ. ಹಿಂದಿನ ಚಕ್ರದ ಅಚ್ಚಿನ ಹತ್ತಿರ ಮಡ್‌ಗಾರ್ಡಿಗೊಂದು, ಕ್ಯಾರಿಯರಿಗೊಂದು ಬೇರೆ ಬೇರೆ ಬೋಲ್ಟ್ ತೂತು ಇದೆಯಾ? ಮಡ್‌ಗಾರ್ಡ್ ಹಾಕಿದ ಮೇಲೂ 37 ಮಿ.ಮೀ. ಟೈರು ಹಿಡಿಸುತ್ತದಾ? ಪೆಡಲ್ ಅಚ್ಚಿನ ಕೆಳಗೆ ನೀರು ಹೋಗುವ ತೂತು ಇದೆಯಾ? ಹ್ಯಾಂಡಲ್ ತಿರುಗಿಸಿದಾಗ ಶೂ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗುತ್ತದಾ? ಇವು ನಾಲ್ಕೂ ಸರಿ ಇದ್ದರೆ ಮಿಕ್ಕಿದ್ದೆಲ್ಲಾ ಆಮೇಲೆ ಬದಲಾಯಿಸಿಕೊಳ್ಳಬಹುದು. ನನ್ನದರಲ್ಲಿ ಮೊದಲ ಮೂರು ಸರಿ ಇತ್ತು. ಶೂ ಮಾತ್ರ ಈಗಲೂ ತಾಗುತ್ತದೆ.