ಕರಿಮಣಿ ಸರ: ಶೋರೂಮಿನ ರೆಡಿಮೇಡೋ, ಆಚಾರ್ರ ಕೈಕೆಲಸವೋ?

ನನಗೆ ಇಷ್ಟವಾದದ್ದು ಆಚಾರ್ರ, ಅಂದರೆ ಅಕ್ಕಸಾಲಿಗರ, ಕೈಕೆಲಸ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ತಮ್ಮನ ಮದುವೆಯ ಗಡಿಬಿಡಿಯಲ್ಲಿ ಕಾಸರಗೋಡು ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಮೂರು ಪವನಿನ ಕರಿಮಣಿ ಸರ ತಗೊಂಡೆ. ನನ್ನ ಹಳೇ ತಾಳಿಯನ್ನು ಅದಕ್ಕೇ ಹಾಕಿಸಿದೆ. ನೋಡಲು ಚೆಂದವೇ ಇತ್ತು.

ತೊಂದರೆ ಕೊಟ್ಟದ್ದು ಕೊಂಡಿ. ಒಂದೊಂದು ಮಣಿಯೊಳಗೂ ಚಿನ್ನದ ಸಣ್ಣ ತಂತಿ ತೂರಿಸಿ, ಎರಡು ತುದಿಯನ್ನೂ ಬಗ್ಗಿಸಿ, ಮುಂದಿನ ಮಣಿಗೆ ಸಿಕ್ಕಿಸಿರುತ್ತಾರೆ ಅಲ್ವಾ? ನನ್ನ ಸರದಲ್ಲಿ ಆ ತುದಿಗಳು ಸುಮ್ನೆ ಬಗ್ಗಿಸಿದ್ದು ಅಷ್ಟೆ. ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಕುತ್ತಿಗೆಯ ಹಿಂದೆ ಕೂದಲು ಸಿಕ್ಕಿಕೊಳ್ಳುತ್ತಿತ್ತು, ಕಾಟನ್ ಸೀರೆಯ ನೂಲು ಎಳೆಯುತ್ತಿತ್ತು, ತಲೆ ಒರೆಸುವ ಬೈರಾಸಿಗೂ ಸಿಕ್ಕುತ್ತಿತ್ತು, ಪ್ರತಿ ಸಲ ಎಳೆದಾಗಲೂ ಆ ಬಾಯಿ ಇನ್ನಷ್ಟು ಬಿಟ್ಟುಕೊಳ್ಳುತ್ತಿತ್ತು. ನಾಲ್ಕನೇ ತಿಂಗಳಲ್ಲಿ ಕುಂಬಳೆಗೆ ಹೋಗುವ ಬಸ್ಸಿನಲ್ಲಿ ಸರ ಜಾರಿ ಮಡಿಲಿಗೆ ಬಿತ್ತು. ತಾಳಿ ಕೈಗೆ ಸಿಕ್ಕಿದ್ದು ಪುಣ್ಯ.

ಅತ್ತೆ ‘ಕಡಿಯಿತು’ ಎಂಬ ಮಾತನ್ನು ಬಾಯಿಗೇ ತರಲಿಲ್ಲ, ‘ಹೆಚ್ಚಿತು’ ಎಂದರು. ಕೊರಳು ಬರಿದಾಗಿರಬಾರದೆಂದು ಕೂಡಲೇ ಅರಸಿನ ಕೊಂಬು ಕಟ್ಟಿದ ದಾರ ಹಾಕಿದರು. ಅಂಗಡಿಯವರು ರಿಪೇರಿಗೆ ಬೇರೆ ಊರಿಗೆ ಕಳಿಸಿದರು. ಮೂರು ವಾರ ನಾನು ಆ ದಾರದಲ್ಲೇ ಇದ್ದೆ. ವಾಪಸ್ ಬಂದ ಸರ ಎರಡೇ ತಿಂಗಳಲ್ಲಿ ಇನ್ನೊಂದು ಜಾಗದಲ್ಲಿ ಬಿಟ್ಟಿತು. ಆಗ ಕೌಂಟರಿನ ಹುಡುಗಿ, ಎಕ್ಸ್‌ಚೇಂಜ್ ಮಾಡಿ ಚೇಚಿ (ಮಲಯಾಳದಲ್ಲಿ ಅಕ್ಕ), ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮಲಯಾಳಿಗಳಲ್ಲಿ ಕರಿಮಣಿ ಮಾಲೆ ಒಂದು ಆಭರಣ, ಮದುವೆಯಾಗದ ಹುಡುಗಿಯರೂ ಹಾಕುತ್ತಾರೆ. ನಮ್ಮಲ್ಲಿ ಅದು ತಾಳಿಯ ಜೊತೆ ಬರುವಂಥದ್ದು, ಸ್ನಾನಕ್ಕೂ ನಿದ್ದೆಗೂ ತೆಗೆಯುವುದಿಲ್ಲ. ಹಾಗಾಗಿ ಗಟ್ಟಿ ಇರಲೇಬೇಕು.

ಕಳೆದ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್) ಬದಿಯಡ್ಕದ ಹತ್ತಿರದ ಒಬ್ಬ ಆಚಾರ್ರಿಗೆ ಅದೇ ಸರವನ್ನು ಕೊಟ್ಟೆ. ಮಣಿ ಬಿಡಿಸಿಟ್ಟು ಚಿನ್ನ ಕರಗಿಸಿದರು. ಹಾಗಾಗಿ ಈ ಹೋಲಿಕೆಯಲ್ಲಿ ಚಿನ್ನವೂ ಅದೇ, ಮಣಿಯೂ ಅದೇ, ಕೈ ಮಾತ್ರ ಬೇರೆ.

ಕೊಂಡಿಗೆ ಬೆಸುಗೆ ಹಾಕಬಾರದಾ ಎಂದು ಕೇಳಿದೆ. ‘ಅಕ್ಕ, ಗಾಜಿನ ಮಣಿ ಬೆಂಕಿ ತಾಗಿದರೆ ಸೀಳುತ್ತದೆ’ ಎಂದರು. ಅದಕ್ಕೇ ಅವರು ತಂತಿಯ ತುದಿಯನ್ನು ಮಣಿಯ ಬುಡದಲ್ಲಿ ಎರಡು ಸುತ್ತು ಸುತ್ತಿ, ಉಳಿದದ್ದನ್ನು ಕತ್ತರಿಸಿ ಒಳಕ್ಕೆ ಒತ್ತುತ್ತಾರೆ. ಬಾಯಿ ಎಂಬುದೇ ಇಲ್ಲ, ಸಿಕ್ಕಿಕೊಳ್ಳುವುದೂ ಇಲ್ಲ. ಆ ತಂತಿಯನ್ನೂ ಅವರೇ ಎಳೆಯುತ್ತಾರೆ, ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣದಕ್ಕೆ. ಎಳೆದಷ್ಟೂ ತಂತಿ ಗಡುಸಾಗುತ್ತದೆ, ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ಸುತ್ತುವಾಗ ತುಂಡಾಗುತ್ತದೆ. ಸರದ ಚಿನ್ನದ ಗುಂಡುಗಳನ್ನು ಎರಡು ಪುಟ್ಟ ಬಟ್ಟಲಿನ ಹಾಗೆ ತಟ್ಟಿ, ಬಿಳಿಗಾರ ಹಚ್ಚಿ, ಊದುಗೊಳವೆಯಲ್ಲಿ ಊದಿ ಬೆಸೆದರು. ಮಣಿ ಪೋಣಿಸುವ ಮೊದಲೇ ಈ ಬೆಂಕಿಯ ಕೆಲಸವೆಲ್ಲ ಮುಗಿಯಬೇಕು. ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದೆ, ಎದ್ದು ಬರಲು ಮನಸ್ಸೇ ಆಗಲಿಲ್ಲ.

ದುಡ್ಡಿನ ಲೆಕ್ಕ: ಶೋರೂಮಿನಲ್ಲಿ ನನಗೆ ಹಾಕಿದ್ದು ಶೇಕಡಾ 14 ಮೇಕಿಂಗ್ ಚಾರ್ಜ್. ಮೂರು ಪವನ್ ಅಂದರೆ 24 ಗ್ರಾಮ್, ಅಂದರೆ 3 ಗ್ರಾಮಿಗಿಂತ ಜಾಸ್ತಿ ಚಿನ್ನದ ಬೆಲೆ ಬರೀ ಕೂಲಿಗೆ ಹೋಯಿತು. ಆಚಾರ್ರು 1 ಗ್ರಾಮ್ ವೇಸ್ಟೇಜ್ ಹಿಡಿದು, ಮೇಲೆ ಕೂಲಿ ತಗೊಂಡರು. ನನ್ನ ಬಜೆಟ್ಟಿಗೆ ಇದೇ ಸರಿ.

ಎಲ್ಲಿ ಮಾಡಿಸಿದರೂ ಮಣಿಯ ತೂಕ ಕಳೆದು ಚಿನ್ನದ ತೂಕ ಬೇರೆ ಬರೆಸಿಕೊಳ್ಳಿ.

ಹಾಲ್‌ಮಾರ್ಕ್ ವಿಷಯದಲ್ಲಿ ಶೋರೂಮೇ ಮೇಲು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆಯಾದ ಗುರುತಿನ ನಂಬರ್) ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವ ಹಾಗಿಲ್ಲ. ವರ್ಷಕ್ಕೆ 40 ಲಕ್ಷದೊಳಗೆ ವ್ಯಾಪಾರ ಇರುವ ಸಣ್ಣವರಿಗೆ ಈ ಕಡ್ಡಾಯ ಇಲ್ಲ. ಕರಗಿಸಿದಾಗ ನನ್ನ ಸರದ ನಂಬರೂ ಹೋಯಿತು. ಅಡವು ಇಡುವ, ಮಾರುವ ಯೋಚನೆ ಇದ್ದವರು ಇದನ್ನು ನೋಡಿಕೊಳ್ಳಿ. ನಾನು ಕೊರಳಿಂದ ತೆಗೆಯುವವಳಲ್ಲ.

ಚಿನ್ನದ ಲೇಪದ ‘ಒಂದು ಗ್ರಾಮ್ ಗೋಲ್ಡ್’ ಸರವನ್ನೂ ನೋಡಿದೆ, ಬೆವರಿಗೆ ಒಂದೇ ಬೇಸಿಗೆಯಲ್ಲಿ ಬಣ್ಣ ಬಿಟ್ಟಿತು.

ಆಚಾರ್ರ ಹತ್ತಿರ ಕಾಯಬೇಕು, ಅದೊಂದು ನಿಜ. ಹೇಳಿದ ದಿನಕ್ಕಿಂತ ಹನ್ನೆರಡು ದಿನ ತಡವಾಗಿ, ಆಟಿಯ ಮುಂದಿನ ಸೋಣ ತಿಂಗಳ ಕೊನೆಗೆ ಕೈಗೆ ಬಂತು. ಆಟಿಯಲ್ಲಿ ಮದುವೆ ಇಲ್ಲದೆ ಅವರಿಗೆ ಕೆಲಸ ಕಡಿಮೆ, ಕೊಡುವುದಾದರೆ ಆಗಲೇ ಕೊಟ್ಟುಬಿಡಿ.